ಗ್ರಿಲ್ಲಿನೊಳಗಿನ ಸಂಸಾರ: ಮುಂಬಯಿ ಫ್ಲ್ಯಾಟಿನಲ್ಲಿ ಕಸ, ನೀರು, ಗ್ಯಾಸು ಕಮ್ಮಿ ಮಾಡುವ ಬಗೆ

ಮನೆಯನ್ನು ಸ್ವಲ್ಪ ಪರಿಸರಕ್ಕೆ ಒಗ್ಗುವ ಹಾಗೆ ನಡೆಸೋಣ ಅಂತ ಹೊರಟಾಗ ನಾನು ಮಾಡಿದ ಮೊದಲ ಕೆಲಸ ಆನ್‌ಲೈನಿನಲ್ಲಿ ಸಾಮಾನು ತರಿಸಿದ್ದು. ಬಿದಿರಿನ ಬ್ರಷ್ಷು, ಸ್ಟೀಲಿನ ಸ್ಟ್ರಾ, ಐದು ಬಟ್ಟೆ ಚೀಲ. ಬಂದ ಪೆಟ್ಟಿಗೆ ನೋಡಿದರೆ ಸಾಮಾನಿಗಿಂತ ಜಾಸ್ತಿ ಗುಳ್ಳೆ ಪ್ಲಾಸ್ಟಿಕ್ಕೇ ಇತ್ತು. ಕುಂದಾಪುರದಿಂದ ಬಂದಿದ್ದ ಅಮ್ಮ ಚೀಲಗಳನ್ನು ತಿರುಗಿಸಿ ನೋಡಿದರು. "ಮನ್ಯಗೆ ಚೀಲ ಇಲ್ಯಾ ಮಗಾ?" ಅಂತ ಕೇಳಿ, ಅಡುಗೆಮನೆ ಬಾಗಿಲ ಹಿಂದಿನ ಮೊಳೆಯಿಂದ ಒಂದೊಂದಾಗಿ ಹನ್ನೊಂದು ಚೀಲ ತೆಗೆದರು. ಎಲ್ಲ ಮದುವೆ ಜವಳಿ ತಂದಾಗ ಅಂಗಡಿಯವರು ಕೊಟ್ಟವು.

ಅವತ್ತಿನಿಂದ ನಮ್ಮನೆಯಲ್ಲಿ ಒಂದು ನಿಯಮ. ಪರಿಸರದ ಹೆಸರಿನಲ್ಲಿ ಮೊದಲ ಎರಡು ತಿಂಗಳು ಏನೂ ಕೊಳ್ಳಬಾರದು. ಮುಲುಂಡಿನ ನಮ್ಮ ಮನೆ ಎರಡು ಕೋಣೆ, ಒಂದು ಅಡುಗೆಮನೆ, ಕಿಟಕಿಯಿಂದ ಹೊರಚಾಚಿದ ಒಂದು ಗ್ರಿಲ್ಲು. ಅಂಗಳವಿಲ್ಲ, ಹಿತ್ತಿಲಿಲ್ಲ. ಇಷ್ಟರಲ್ಲೇ ಏನೇನು ಆಗುತ್ತದೆ, ಯಾವುದು ಸುಮ್ನೆ ತಲೆನೋವು ಅನ್ನುವುದನ್ನು ನಾವು ಮಾಡಿದ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ವಾರ ಡಬ್ಬಿ ತೂಗಿ

ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗುವಾಗ ಬ್ಯಾಗು ತೂಗಲು ಇಟ್ಟುಕೊಂಡ ಕೊಕ್ಕೆಯ ತಕ್ಕಡಿ ಇದೆಯಲ್ಲ, ಅದನ್ನು ತೆಗೆಯಿರಿ. ಒಂದು ವಾರ ಕಸ ಕೊಡುವ ಮೊದಲು ಚೀಲ ತೂಗಿ ಕ್ಯಾಲೆಂಡರಿನ ಮೇಲೆ ಬರೆಯಿರಿ. ಭಾನುವಾರ ಒಂದು ಹಳೇ ಪೇಪರ್ ಹಾಸಿ, ಆ ದಿನದ ಕಸವನ್ನು ಸುರಿದು ನೋಡಿ. ಅಸಹ್ಯ ಅನ್ನಿಸುತ್ತದೆ, ಒಂದೇ ಸಲ ಮಾಡಿದರೆ ಸಾಕು.

ನಮ್ಮ ನಾಲ್ವರ ಮನೆಯಲ್ಲಿ ದಿನಕ್ಕೆ ಸುಮಾರು ಒಂದೂವರೆ ಕಿಲೋ ಕಸ ಹೋಗುತ್ತಿತ್ತು. ಅದರಲ್ಲಿ ಒಂದು ಕಿಲೋ ಮೇಲೆ ತರಕಾರಿ ಸಿಪ್ಪೆ, ಚಹಾ ಚರಟ, ತುರಿದ ತೆಂಗಿನಕಾಯಿಯ ಕಸ, ಉಳಿದ ಅನ್ನ. ನಾನು ಚಿಂತೆ ಮಾಡುತ್ತಿದ್ದ ಪ್ಲಾಸ್ಟಿಕ್ ಸ್ಟ್ರಾ ಇಡೀ ವಾರದಲ್ಲಿ ಒಂದೂ ಸಿಗಲಿಲ್ಲ. ಸಿಕ್ಕಿದ್ದು ಹಾಲಿನ ಪ್ಯಾಕೆಟು, ಕೊತ್ತಂಬರಿ ಸುತ್ತಿಕೊಟ್ಟ ತೆಳು ಚೀಲ, ಬಿಸ್ಕತ್ತಿನ ಹಾಳೆ. ನಿಮ್ಮ ಮನೆಯದು ಬೇರೆ ಇರಬಹುದು. ಸಣ್ಣ ಮಗು ಇದ್ದರೆ ಡೈಪರ್ರೇ ಅರ್ಧ ಡಬ್ಬಿ. ಅದಕ್ಕೇ ನೋಡಿ ಅಂದಿದ್ದು. ಬೇರೆಯವರ ಪಟ್ಟಿ ಹಿಡಿದುಕೊಂಡು ಹೊರಟರೆ ಇಲ್ಲದ ಸ್ಟ್ರಾ ಬಿಡುವುದರಲ್ಲೇ ತಿಂಗಳು ಕಳೆಯುತ್ತದೆ.

ಮೂರು ಡಬ್ಬಿ

ಮನೆಯ ಕಸ ಮೂರು ಬಗೆಯಾಗಬೇಕು ಅಂತ 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು: ಹಸಿ, ಒಣ, ಅಪಾಯದ್ದು. ಮುಂಬಯಿಯಲ್ಲಿ 'ಓಲಾ' (ಹಸಿ) 'ಸುಕಾ' (ಒಣ) ಅಂದರೆ ಕಸದವರಿಗೆ, ವಾಚ್‌ಮನ್‌ಗೆ, ಮನೆಗೆಲಸದವರಿಗೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರು ಮನೆಯ ಗಂಡಸರೇ. ನಮ್ಮವರು ತಿಂಗಳುಗಟ್ಟಲೆ ಚಹಾ ಪುಡಿಯ ಖಾಲಿ ಪ್ಯಾಕೆಟನ್ನು ಹಸಿ ಡಬ್ಬಿಗೆ ಹಾಕುತ್ತಿದ್ದರು. 'ಒಳಗೆ ಚಹಾ ಇತ್ತಲ್ಲ' ಅಂತ ವಾದ.

ಹಸಿ ಡಬ್ಬಿಗೆ ಪ್ಲಾಸ್ಟಿಕ್ ಚೀಲ ಹಾಕಬೇಡಿ. ತಳಕ್ಕೆ ಒಂದು ಪೇಪರ್ ಸಾಕು, ದಿನಾ ತೊಳೆದರೆ ವಾಸನೆ ಬರುವುದಿಲ್ಲ. ಒಣ ಕಸಕ್ಕೆ ಡಬ್ಬಿಯೇ ಬೇಡ, ಅಕ್ಕಿಯ ಗೋಣಿಯೊಂದನ್ನು ಗ್ರಿಲ್ಲಿಗೆ ನೇತುಹಾಕಿ. ಹದಿನೈದು ದಿನಕ್ಕೊಮ್ಮೆ ರದ್ದಿವಾಲಾ ಬಂದರೆ ಪೇಪರಿನ ಜೊತೆ ಅದೂ ಹೋಗುತ್ತದೆ. ಒಂದೇ ಷರತ್ತು, ಒಣ ಕಸ ನಿಜವಾಗಿಯೂ ಒಣಗಿರಬೇಕು. ಮೊಸರಿನ ಡಬ್ಬವನ್ನು ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಒಂದು ಸಲ ಅಲುಗಿಸಿ ಕವುಚಿಟ್ಟರೆ ಆಯಿತು.

ಹಾಲಿನ ಪ್ಯಾಕೆಟ್ಟಿನ ವಿಷಯ ಸ್ವಲ್ಪ ಹೇಳಬೇಕು. ಮೂಲೆ ಕತ್ತರಿಸುವಾಗ ಆ ಚೂರು ಪೂರ್ತಿ ಬೇರೆಯಾಗದ ಹಾಗೆ, ಒಂದು ಕೂದಲಿನಷ್ಟು ಅಂಟಿಕೊಂಡಿರುವ ಹಾಗೆ ಕತ್ತರಿಸಿ. ಬೇರೆಯಾದ ಚೂರು ಸಿಂಕಿಗೆ, ಅಲ್ಲಿಂದ ಮೋರಿಗೆ ಹೋಗುತ್ತದೆ. ಅದನ್ನು ಯಾರೂ ಆಯುವುದಿಲ್ಲ. ಪ್ಯಾಕೆಟ್ ತೊಳೆದು ಸಿಂಕಿನ ಮೇಲಿನ ಗೋಡೆಯ ಟೈಲ್ಸಿಗೆ ಅಂಟಿಸಿಬಿಡಿ, ಒಣಗಿ ತಾನೇ ಬೀಳುತ್ತದೆ. ಹಾಲಿನ ಪ್ಯಾಕೆಟ್ಟಿಗೆ ಗುಜರಿಯಲ್ಲಿ ಬೆಲೆ ಇದೆ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಪ್ಯಾಕೆಟ್ಟಿಗೆ ಇಲ್ಲ. ಅದು ಹಲವು ಪದರ ಅಂಟಿಸಿ ಮಾಡಿದ್ದು, ಬಿಡಿಸಲಾಗುವುದಿಲ್ಲ.

ಮೂರನೆಯದು ಸಣ್ಣ ಡಬ್ಬಿ. ಹಳೆ ಸೆಲ್ಲು, ಮುರಿದ ಬಲ್ಬು, ಅವಧಿ ಮುಗಿದ ಔಷಧಿ. ಸ್ಯಾನಿಟರಿ ಪ್ಯಾಡು ಮತ್ತು ಡೈಪರನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡ ಚುಕ್ಕೆ ಇಟ್ಟು ಬೇರೆಯಾಗಿ ಕೊಡಿ. ಪುಣೆಯಲ್ಲಿ ಕಸ ಆಯುವವರ ಸಹಕಾರ ಸಂಸ್ಥೆ 'ಸ್ವಚ್ಛ್' ಇದಕ್ಕಾಗಿಯೇ ಹಳೆ ಪೇಪರಿನ ಚೀಲ ಮಾಡಿ ಮಾರುತ್ತಿತ್ತು. ಕೈಯಿಂದ ಕಸ ಬಿಡಿಸುವವರೇ ಹುಡುಕಿಕೊಂಡ ಉಪಾಯ ಅದು. ನಾವು ಡಬ್ಬಿ ಮುಚ್ಚಿದ ಮೇಲೆ ಅದನ್ನು ಇನ್ನೊಬ್ಬರು ತೆರೆಯುತ್ತಾರೆ, ಅಲ್ವಾ?

ಗ್ರಿಲ್ಲಿನಲ್ಲಿ ಗೊಬ್ಬರ

ಇದೇ ದೊಡ್ಡ ಕೆಲಸ. ಬೇರೆ ಏನೂ ಮಾಡದೆ ಇದೊಂದನ್ನು ಮಾಡಿದರೂ ನಿಮ್ಮ ಕಸ ಅರ್ಧಕ್ಕಿಂತ ಕಮ್ಮಿಯಾಗುತ್ತದೆ.

ನಾವಿರುವ ಕಡೆ ಕಸ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಮುಲುಂಡಿನ ಡಂಪಿಂಗ್ ಗ್ರೌಂಡ್ 2018ರಲ್ಲಿ ಮುಚ್ಚಿತು. ಈಗ ಗಾಳಿ ಆ ಕಡೆಯಿಂದ ಬೀಸಿದರೆ ಕಾಂಜುರ್‌ಮಾರ್ಗದ ವಾಸನೆ ಬರುತ್ತದೆ. 1927ರಿಂದ ಕಸ ಸುರಿಯುತ್ತ ಬಂದ ದೇವನಾರಿನ ಗುಡ್ಡ 2016ರ ಜನವರಿಯಲ್ಲಿ ದಿನಗಟ್ಟಲೆ ಉರಿದು, ಹೊಗೆಗೆ ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟಿದ್ದು ನೆನಪಿರಬಹುದು. ಗಾಳಿಯಾಡದ ರಾಶಿಯ ಅಡಿಯಲ್ಲಿ ಸಿಪ್ಪೆ, ಅನ್ನ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಅದು ಹೊತ್ತಿಕೊಳ್ಳುವ ಅನಿಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ನೂರು ವರ್ಷದ ಲೆಕ್ಕಕ್ಕೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜೋರು. ಅದೇ ಸಿಪ್ಪೆ ಗಾಳಿಯಾಡುವ ಡಬ್ಬದಲ್ಲಿ ಕೊಳೆತರೆ ಮೀಥೇನ್ ಹೆಚ್ಚುಕಮ್ಮಿ ಹುಟ್ಟುವುದೇ ಇಲ್ಲ, ಕೈಗೆ ಮಣ್ಣು ಸಿಗುತ್ತದೆ.

ಬೇಕಾದ್ದು 20 ಲೀಟರಿನ ಎರಡು ಪೇಂಟ್ ಡಬ್ಬ. ಕಟ್ಟಡಕ್ಕೆ ಬಣ್ಣ ಹೊಡೆಯುವವರು ಬಂದಾಗ ಕೇಳಿದರೆ ಸುಮ್ನೆ ಕೊಡುತ್ತಾರೆ. ಚೆನ್ನಾಗಿ ಕೆರೆದು ತೊಳೆಯಿರಿ. ಸುತ್ತಲೂ ನಾಲ್ಕು ಬೆರಳಿಗೊಂದರಂತೆ ತೂತು ಕೊರೆಯಿರಿ, ತಳಕ್ಕೆ ಐದಾರು. ಡ್ರಿಲ್ ಇರುವ ಬಡಗಿಯವರು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಕಾಯಿಸಿದ ಕಂಬಿಯಿಂದ ಚುಚ್ಚಲು ಹೋಗಬೇಡಿ, ಆ ಹೊಗೆ ಒಳ್ಳೆಯದಲ್ಲ. ಡಬ್ಬದ ಅಡಿಗೆ ಎರಡು ಇಟ್ಟಿಗೆ ತುಂಡು, ಅದರಡಿಗೆ ಒಂದು ಅಗಲವಾದ ತಟ್ಟೆ.

ಆ ತಟ್ಟೆಯನ್ನು ಮರೆಯಬೇಡಿ. ನಾನು ಮರೆತಿದ್ದೆ. ಮೂರನೇ ವಾರ ಡಬ್ಬದಿಂದ ಸೋರಿದ ಕಂದು ನೀರು ಕೆಳಗಿನ ಮನೆಯವರ ಬಿಳಿ ಚಾದರದ ಮೇಲೆ ಬಿತ್ತು. ಕೆಳಗಿನ ಕಾಕಿ ಚಾದರ ಹಿಡಿದುಕೊಂಡೇ ಮೇಲೆ ಬಂದರು. ಚಾದರ ಒಗೆದುಕೊಟ್ಟು, ತಿಂಗಳಾದ ಮೇಲೆ ಅವರ ತುಳಸಿಗೆ ಮೊದಲ ಗೊಬ್ಬರ ಕೊಟ್ಟೆ. ಈಗ ಅವರ ಸಿಪ್ಪೆಯೂ ನಮ್ಮ ಡಬ್ಬಕ್ಕೇ ಬರುತ್ತದೆ.

ಮಾಡುವ ರೀತಿ ಹೀಗೆ. ತಳಕ್ಕೆ ಮೂರು ಬೆರಳು ದಪ್ಪ ಒಣ ಎಲೆ ಅಥವಾ ತೆಂಗಿನ ನಾರು ಹಾಸಿ. ನಾವು ಪೇಟೆಯಿಂದ ತರುವ ಕಾಯಿಯ ಜುಟ್ಟು ಎಸೆಯುತ್ತೇವಲ್ಲ, ಅದನ್ನು ಬಿಡಿಸಿದರೆ ಅದೇ ನಾರು. ದಿನದ ಸಿಪ್ಪೆಯ ನೀರು ಬಸಿದು, ದೊಡ್ಡದನ್ನು ಹೆಚ್ಚಿ ಹಾಕಿ. ಬಾಳೆಹಣ್ಣಿನ ಸಿಪ್ಪೆ ಇಡಿಯಾಗಿ ಹಾಕಿದರೆ ಹೆಚ್ಚಿ ಹಾಕಿದ್ದಕ್ಕಿಂತ ಜಾಸ್ತಿ ದಿನ ತೆಗೆದುಕೊಳ್ಳುತ್ತದೆ. ಒಂದು ಬಟ್ಟಲು ಸಿಪ್ಪೆಗೆ ಒಂದು ಬಟ್ಟಲು ಪುಡಿ ಮಾಡಿದ ಒಣ ಎಲೆ. ಶುರುವಿಗೆ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ. ಯಾರ ಮನೆಯಲ್ಲಾದರೂ ಆಗಲೇ ಗೊಬ್ಬರ ಮಾಡುತ್ತಿದ್ದರೆ ಅವರಿಂದ ಒಂದು ಹಿಡಿ ತಂದು ಹಾಕುವುದು ಇನ್ನೂ ಒಳ್ಳೆಯದು. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ವಾರಕ್ಕೆರಡು ಸಲ ಕೋಲಿನಿಂದ ಮೇಲೆ ಕೆಳಗೆ ಮಾಡಿ. ಡಬ್ಬ ತುಂಬಿದರೆ ಮುಚ್ಚಿಟ್ಟು ಎರಡನೆಯದನ್ನು ಶುರು ಮಾಡಿ. ಅದು ತುಂಬುವ ಹೊತ್ತಿಗೆ, ಒಂದೂವರೆ ತಿಂಗಳಲ್ಲಿ, ಮೊದಲನೆಯದು ಕಪ್ಪಗೆ ಪುಡಿಯಾಗಿರುತ್ತದೆ. ಮೂಸಿದರೆ ಮೊದಲ ಮಳೆಯ ಮಣ್ಣಿನ ವಾಸನೆ.

ಹದ ನೋಡುವುದು ಸುಲಭ. ಒಂದು ಹಿಡಿ ತೆಗೆದು ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಬಂದರೆ ನೀರು ಜಾಸ್ತಿ, ಒಣ ಎಲೆ ಬೇಕು. ಕೈಗೆ ಒದ್ದೆಯೇ ಆಗದಿದ್ದರೆ ಸ್ವಲ್ಪ ನೀರು ಚಿಮುಕಿಸಿ. ಇರುವೆ ಬಂತು ಅಂದರೂ ಒಣಗಿದೆ ಅಂತಲೇ ಅರ್ಥ. ಕೊಳೆತ ವಾಸನೆ ಬಂದರೆ ಗಾಳಿ ಸಾಲದು. ತಿರುವಿ, ಎಲೆ ಹಾಕಿ, ಎರಡು ದಿನ ಹೊಸ ಸಿಪ್ಪೆ ಹಾಕಬೇಡಿ. ದಪ್ಪ ಕಂದು ಹುಳ ಕಂಡರೆ ಹೌಹಾರಬೇಡಿ. ಅವು ಕಚ್ಚುವುದಿಲ್ಲ, ಸಿಪ್ಪೆಯನ್ನು ಬೇಗ ತಿಂದು ಮುಗಿಸುತ್ತವೆ. ನೋಡಲಾಗದಿದ್ದರೆ ಮೇಲೆ ಎರಡು ಬೆರಳು ಒಣ ಎಲೆ ಮುಚ್ಚಿ.

ಮುಂಬಯಿಯಲ್ಲಿ ನಿಜವಾದ ಪರೀಕ್ಷೆ ಜುಲೈ ತಿಂಗಳು. ಗಾಳಿಯೇ ಒದ್ದೆಯಾಗಿರುತ್ತದೆ, ಒಣ ಎಲೆ ಎಲ್ಲಿಂದ ತರುವುದು? ಫೆಬ್ರವರಿ-ಮಾರ್ಚಿನಲ್ಲಿ ಕೂಡಿಡಬೇಕು. ಆಗ ಸೊಸೈಟಿಯ, ಅಂದರೆ ನಮ್ಮ ಫ್ಲ್ಯಾಟುಗಳ ಆವರಣದ, ಕಾಡುಬಾದಾಮಿ ಮರ, ಮಳೆಮರ ಎಲೆ ಉದುರಿಸುತ್ತವೆ, ಗುಡಿಸುವವರು ರಾಶಿ ಮಾಡಿ ಕೆಲವೊಮ್ಮೆ ಬೆಂಕಿಯನ್ನೂ ಹಾಕುತ್ತಾರೆ. ಎರಡು ಗೋಣಿ ತುಂಬಿಕೊಡಿ ಅಂತ ಕೇಳಿಕೊಳ್ಳಿ. ನಮಗೆ ಅದು ಸೆಪ್ಟೆಂಬರಿನವರೆಗೆ ಬರುತ್ತದೆ. ಮಳೆಗಾಲದಲ್ಲಿ ಎಲೆ ಮುಗಿದರೆ ಹರಿದ ಪೇಪರ್, ಮೊಟ್ಟೆಯ ಟ್ರೇ, ಬಡಗಿಯವರ ಮರದ ಹೊಟ್ಟು ಆಗುತ್ತದೆ. ಪ್ಲೈವುಡ್ಡಿನ ಹೊಟ್ಟು ಬೇಡ, ಅದರಲ್ಲಿ ಅಂಟು ಇರುತ್ತದೆ.

ಮೀನಿನ ತಲೆ, ಮುಳ್ಳು, ಎಣ್ಣೆ ಪಲ್ಯ, ಹಾಲು ಇವನ್ನು ಮೊದಲ ವರ್ಷ ಹಾಕಬೇಡಿ. ಬೆಕ್ಕು ಬರುತ್ತದೆ, ಇಲಿ ಬರುತ್ತದೆ, ಆಮೇಲೆ ಸೊಸೈಟಿ ಸೆಕ್ರೆಟರಿ ಬರುತ್ತಾರೆ. ಮಾವಿನ ಗೊರಟು, ತೆಂಗಿನ ಗೆರಟೆ ಕೊಳೆಯಲು ವರ್ಷಗಟ್ಟಲೆ ಬೇಕು. ಕುಂಡದ ತಳದ ತೂತು ಮುಚ್ಚಲು ಗೆರಟೆ ಚೂರು ಒಳ್ಳೆಯದು.

ಗೊಬ್ಬರ ಏನು ಮಾಡುವುದು? ನಮ್ಮ ಗ್ರಿಲ್ಲಿನಲ್ಲಿ ಬಸಳೆ ಹಬ್ಬಿದೆ. ಊರಿಂದ ತಂದ ಒಂದು ಗೇಣು ದಂಟು, ಈಗ ತಿಂಗಳಿಗೆ ಎರಡು ಸಲ ಬಸಳೆ ಹುಳಿಗೆ ಸಾಕು. ಮುಂಬಯಿ ಸೆಕೆ ಅದಕ್ಕೆ ಊರಿನ ಹಾಗೇ. ಕರಿಬೇವು, ಸಾಂಬ್ರಾಣಿ ಸೊಪ್ಪು (ದೊಡ್ಡಪತ್ರೆ) ಕೂಡ ಬರುತ್ತದೆ. ಆದರೆ ಹೊರಚಾಚಿದ ಗ್ರಿಲ್ಲಿನ ಮೇಲೆ ಮಣ್ಣಿನ ಭಾರ ಜಾಸ್ತಿ ಹೇರಬೇಡಿ. ಮಣ್ಣಿಗೆ ಅರ್ಧಕ್ಕರ್ಧ ನಾರಿನ ಪುಡಿ ಬೆರೆಸಿದರೆ ಕುಂಡ ಹಗುರ.

ದೊಡ್ಡ ಸೊಸೈಟಿಯಲ್ಲಿರುವವರು ಈ ಪಾಡನ್ನು ಒಬ್ಬರೇ ಪಡಬೇಕಾಗಿಲ್ಲ. 20,000 ಚದರ ಮೀಟರಿಗಿಂತ ದೊಡ್ಡ ಜಾಗ ಇರುವ ಅಥವಾ ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಆಗುವ ಸೊಸೈಟಿಗಳು ಹಸಿ ಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಬೇಕು ಅಂತ ಮಹಾನಗರಪಾಲಿಕೆ 2017ರ ಅಕ್ಟೋಬರ್ 2ರಿಂದ ಗಡುವು ಹಾಕಿತ್ತು. ನಿಮ್ಮಲ್ಲಿ ಆ ಯಂತ್ರವೋ ಗುಂಡಿಯೋ ಇದೆಯಾ, ಇದ್ದರೆ ನಡೆಯುತ್ತಿದೆಯಾ ಅಂತ ಮುಂದಿನ ಮೀಟಿಂಗಿನಲ್ಲಿ ಕೇಳಿ. ಎಷ್ಟೋ ಕಡೆ ಟಾರ್ಪಾಲಿನ ಕೆಳಗೆ ಮಲಗಿರುತ್ತದೆ.

ನಿನ್ನೆಯ ನೀರು ಹಳಸುವುದಿಲ್ಲ

ಮುಂಬಯಿಯ ನೀರು ಏಳು ಕೆರೆ-ಅಣೆಕಟ್ಟುಗಳಿಂದ ಬರುತ್ತದೆ: ಭಾತ್ಸಾ, ಅಪ್ಪರ್ ವೈತರಣಾ, ಮಿಡ್ಲ್ ವೈತರಣಾ, ಮೋಡಕ್ ಸಾಗರ್, ತಾನ್ಸಾ, ವಿಹಾರ್, ತುಳಸಿ. ಅರ್ಧದಷ್ಟು ನೀರು ಭಾತ್ಸಾ ಒಂದರದೇ, ಅದು ಶಹಾಪುರದ ಕಡೆ. ಮಳೆ ತಡವಾದರೆ ಜೂನಿನಲ್ಲಿ ಪೇಪರಿನವರು ಕೆರೆಯ ಮಟ್ಟ ಕ್ರಿಕೆಟ್ ಸ್ಕೋರಿನ ಹಾಗೆ ದಿನಾ ಹಾಕುತ್ತಾರೆ. 2024ರ ಜೂನಿನಲ್ಲಿ ಶೇ 10 ಕಡಿತವೂ ಆಯಿತು.

ಇಷ್ಟಾದರೂ ನಮ್ಮ ಕಟ್ಟಡಗಳಲ್ಲಿ ಒಂದು ಚಾಳಿ ಹೋಗಿಲ್ಲ. ಬೆಳಿಗ್ಗೆ ನೀರು ಬಂತು ಅಂದ ಕೂಡಲೇ ನಿನ್ನೆ ತುಂಬಿಟ್ಟ ಹಂಡೆ, ಡ್ರಮ್ಮು ಎಲ್ಲ ಬಗ್ಗಿಸಿ ಚೆಲ್ಲುವುದು. 'ಬಾಸಿ ಪಾನಿ' ಅಂತೆ. ಅನ್ನ ಹಳಸುತ್ತದೆ, ನೀರು ಹಳಸುತ್ತದಾ? ಶುದ್ಧ ಪಾತ್ರೆಯಲ್ಲಿ ಮುಚ್ಚಿಟ್ಟ ನಿನ್ನೆಯ ನೀರು ಇವತ್ತು ಕುಡಿಯಲು ಸರಿಯಾಗೇ ಇರುತ್ತದೆ. ಅನುಮಾನ ಇದ್ದರೆ ನೆಲ ಒರೆಸಿ, ಸಂಡಾಸಿಗೆ ಹಾಕಿ. ಮೋರಿಗೆ ಮಾತ್ರ ಬೇಡ.

ಇನ್ನು ಆರ್‌ಓ ಯಂತ್ರ. ಇದರ ಬಗ್ಗೆ ನಾನು ಸ್ವಲ್ಪ ಜೋರಾಗೇ ಹೇಳುತ್ತೇನೆ. 2019ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ರಾಜಧಾನಿಗಳ ನಲ್ಲಿ ನೀರು ಪರೀಕ್ಷೆ ಮಾಡಿದಾಗ ಮುಂಬಯಿಯೇ ಮೊದಲು ಬಂತು. ಹತ್ತಕ್ಕೆ ಹತ್ತೂ ಮಾದರಿ ಪಾಸು. ಆರ್‌ಓ ಇರುವುದು ನೀರಿನಲ್ಲಿ ಕರಗಿದ ಲವಣ ತೆಗೆಯಲು. ಲೀಟರಿಗೆ 500 ಮಿಲಿಗ್ರಾಂವರೆಗೆ ಲವಣ ಇದ್ದರೂ ಕುಡಿಯಬಹುದು ಅನ್ನುತ್ತದೆ ಮಾನಕ. ಮಳೆನೀರು ತುಂಬಿದ ಕೆರೆಯಲ್ಲಿ ಎಷ್ಟು ಲವಣ ಇದ್ದೀತು? ಟಿಡಿಎಸ್, ಅಂದರೆ ಹೀಗೆ ಕರಗಿದ ಲವಣ, ಅಳೆಯುವ ಪೆನ್ನು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ನಾನು ಸೊಸೈಟಿಯ ಎಲೆಕ್ಟ್ರಿಷಿಯನ್ ಹತ್ತಿರ ಒಂದು ದಿನಕ್ಕೆ ಎರವಲು ತಂದೆ. ನಮ್ಮ ನಲ್ಲಿಯಲ್ಲಿ ತೋರಿಸಿದ್ದು 72. ಇಂಥ ನೀರಿಗೆ ಆರ್‌ಓ ಹಾಕಿ, ಒಂದು ಲೀಟರ್ ಕುಡಿಯಲು ಎರಡು-ಮೂರು ಲೀಟರ್ ಮೋರಿಗೆ ಬಿಡುವುದು ಯಾವ ಲೆಕ್ಕ?

ಒಂದು ಎಚ್ಚರಿಕೆ. ಆ ಪೆನ್ನು ಲವಣ ಮಾತ್ರ ಅಳೆಯುತ್ತದೆ, ರೋಗಾಣು ಅಲ್ಲ. ಪಾಲಿಕೆಯ ನೀರು ಭಾಂಡೂಪಿನಲ್ಲಿ ಶುದ್ಧವಾಗಿ ಹೊರಟರೂ ನಮ್ಮ ಕಟ್ಟಡದ ಟ್ಯಾಂಕು ಹೇಗಿದೆಯೋ. ಆದ್ದರಿಂದ ಕುದಿಸಿ ಕುಡಿಯಿರಿ, ಇಲ್ಲವೇ ಅತಿನೇರಳೆ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಫಿಲ್ಟರ್ ಸಾಕು. ಅದು ನೀರು ಚೆಲ್ಲುವುದಿಲ್ಲ. ಟ್ಯಾಂಕು ವರ್ಷಕ್ಕೆ ಎರಡು ಸಲವಾದರೂ ತೊಳೆಸಿ. ಬೋರ್‌ವೆಲ್ಲು, ಟ್ಯಾಂಕರ್ ನೀರಿನವರ ಕಥೆ ಬೇರೆ. ಪೆನ್ನು 500ರ ಮೇಲೆ ತೋರಿಸಿದರೆ ಆರ್‌ಓ ಇರಲಿ. ಅದರ ಹೊರನೀರಿನ ಪೈಪನ್ನು ಬಕೆಟ್ಟಿಗೆ ಬಿಟ್ಟು ಪಾತ್ರೆ, ನೆಲಕ್ಕೆ ಬಳಸಿ. ಗಿಡಕ್ಕೆ ಬೇಡ, ಅದರಲ್ಲಿ ಉಪ್ಪು ಜಾಸ್ತಿ.

ಸೋರುವ ನಲ್ಲಿ ನಿಮ್ಮಲ್ಲೂ ಒಂದು ಇರಬಹುದು. ರಾತ್ರಿ ಅದರಡಿಗೆ ಬಕೆಟ್ ಇಟ್ಟು ಮಲಗಿ, ಬೆಳಿಗ್ಗೆ ಅಳೆಯಿರಿ. ಸೆಕೆಂಡಿಗೊಂದು ಹನಿ ಅಂದರೆ ದಿನಕ್ಕೆ 20 ಲೀಟರಿನ ಹತ್ತಿರ ಬರುತ್ತದೆ. ನಗರಗಳ ನೀರಿನ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯುತ್ತಾರೆ. ಅದರಲ್ಲಿ 20 ಹೀಗೇ ಹೋಯಿತು. ವಾಷರ್ ಬದಲಿಸಲು ಪ್ಲಂಬರ್ ಕೂಡ ಬೇಕಾಗಿಲ್ಲ. ಹಾಗೇ ನಲ್ಲಿಯ ಬಾಯಿಗೆ ಗಾಳಿ ಬೆರೆಸುವ ಸಣ್ಣ ಜಾಲರಿ ಹಾಕಿಸಿ, ಹಾರ್ಡ್‌ವೇರ್ ಅಂಗಡಿಯಲ್ಲಿ 'ಏರೇಟರ್' ಅಂದರೆ ಕೊಡುತ್ತಾರೆ. ಹಳೇ ಫ್ಲಶ್ ಟ್ಯಾಂಕಿನಲ್ಲಿ ನೀರು ತುಂಬಿ ಬಿಗಿಯಾಗಿ ಮುಚ್ಚಿದ ಒಂದು ಲೀಟರ್ ಬಾಟಲಿ ಇಟ್ಟರೆ ಪ್ರತಿ ಸಲ ಒಂದು ಲೀಟರ್ ಉಳಿತಾಯ. ವಾಷಿಂಗ್ ಮೆಷಿನ್ನಿನ ಕೊನೆಯ ಜಾಲಾಡಿದ ನೀರು ಬಾತ್‌ರೂಮು ತೊಳೆಯಲು ಸಾಕು. ಎಸಿಯಿಂದ ತೊಟ್ಟಿಕ್ಕುವ ನೀರೂ ಅಷ್ಟೆ. ಮುಂಬಯಿ ಗಾಳಿಯಲ್ಲಿ ನಮಗೆ ಒಂದು ರಾತ್ರಿಗೆ ಅರ್ಧ ಬಕೆಟ್ ಸಿಗುತ್ತದೆ.

ಕುಚ್ಚಲಕ್ಕಿ ಮತ್ತು ಗ್ಯಾಸು

ಕರಾವಳಿಯವರಾದ ನಮ್ಮ ಮನೆಗಳಲ್ಲಿ ಗ್ಯಾಸು ತಿನ್ನುವುದು ಕುಚ್ಚಲಕ್ಕಿ. ಬೆಳ್ತಿಗೆಗಿಂತ ಎರಡರಷ್ಟು ಹೊತ್ತು ಬೇಯಬೇಕು. ಊರಲ್ಲಿ ಕಟ್ಟಿಗೆ ಒಲೆ, ಕುದಿ ಬಂದ ಮೇಲೆ ಕೆಂಡದ ಮೇಲೆ ಬಿಡುತ್ತಿದ್ದರು. ಇಲ್ಲಿ ಕೆಂಡ ಎಲ್ಲಿದೆ?

ಮಂಗಳೂರು, ಉಡುಪಿ ಕಡೆ ಸಿಗುವ ಥರ್ಮಲ್ ಕುಕ್ಕರ್ ಕೆಂಡದ ಕೆಲಸವನ್ನೇ ಮಾಡುತ್ತದೆ. ಅನ್ನವನ್ನು 10-15 ನಿಮಿಷ ಚೆನ್ನಾಗಿ ಕುದಿಸಿ, ಕುದಿಯುವ ಪಾತ್ರೆಯನ್ನೇ ಆ ದಪ್ಪ ಪೆಟ್ಟಿಗೆಯೊಳಗಿಟ್ಟು ಮುಚ್ಚಿ. ಒಂದು ಗಂಟೆ ಬಿಟ್ಟು ತೆಗೆದರೆ ಅನ್ನ ಅರಳಿರುತ್ತದೆ. ಒಳಗೆ ಬೆಂಕಿಯಿಲ್ಲ, ಕರೆಂಟಿಲ್ಲ, ಬಿಸಿ ಹೊರಗೆ ಹೋಗಲು ದಾರಿಯಿಲ್ಲ ಅಷ್ಟೆ. ನಮಗೆ ಸಿಲಿಂಡರು 28 ದಿನ ಬರುತ್ತಿದ್ದದ್ದು ಈಗ 35 ದಿನ ಬರುತ್ತದೆ. ಎಲ್ಲ ಅದರಿಂದಲೇ ಅನ್ನಲಾರೆ, ಬೇಳೆ-ಕಾಳು ರಾತ್ರಿ ನೆನೆಹಾಕುವ ಅಭ್ಯಾಸವೂ ಸೇರಿದೆ.

ಕುಕ್ಕರ್ ಕೊಳ್ಳಬೇಡಿ, ಮೊದಲು ಹೀಗೆ ಮಾಡಿ ನೋಡಿ. ಕುದಿಯುವ ಪಾತ್ರೆಗೆ ಬಿಗಿ ಮುಚ್ಚಳ ಹಾಕಿ, ಹಳೇ ಕಂಬಳಿಯಲ್ಲಿ ಸುತ್ತಿ, ಬಟ್ಟೆ ತುಂಬಿದ ರಟ್ಟಿನ ಪೆಟ್ಟಿಗೆಯಲ್ಲಿ ಇಡಿ. ಒಲೆಯಿಂದ ದೂರ ಇಟ್ಟುಕೊಳ್ಳಿ. ಮೊದಲ ಸಲ ನಮ್ಮದು ಗಟ್ಟಿಯಾಯಿತು, ಎರಡನೇ ಸಲ ಐದು ನಿಮಿಷ ಜಾಸ್ತಿ ಕುದಿಸಿದೆ. ಬೆಂದ ಕೂಡಲೇ ಬಸಿದು ಬಡಿಸಿ, ಪೆಟ್ಟಿಗೆಯಲ್ಲಿ ಅರ್ಧ ದಿನ ಬಿಡಬೇಡಿ, ಹಳಸುತ್ತದೆ. ಬಸಿದ ತೆಳಿ ಚೆಲ್ಲಬೇಡಿ. ಉಪ್ಪು, ಸ್ವಲ್ಪ ಮಜ್ಜಿಗೆ ಹಾಕಿ ಕುಡಿಯಬಹುದು, ಹತ್ತಿ ಸೀರೆಗೆ ಗಂಜಿ ಹಾಕಬಹುದು.

ಸಿಪ್ಪೆಯ ವಿಷಯದಲ್ಲೂ ನಮ್ಮ ಅಡುಗೆಗೆ ಹೊರಗಿನ ಪಾಠ ಬೇಡ. ಹೀರೆಕಾಯಿ ಸಿಪ್ಪೆಯ ಚಟ್ನಿ, ದಾಳಿಂಬೆ ಸಿಪ್ಪೆಯ ತಂಬುಳಿ, ಬಚ್ಚಂಗಾಯಿಯ (ಕಲ್ಲಂಗಡಿಯ) ಬಿಳಿ ಭಾಗದ ದೋಸೆ, ಹಲಸಿನ ಬೀಜದ ಪಲ್ಯ. ಮಕ್ಕಳು ಸಿಪ್ಪೆ ಅಂದರೆ ತಿನ್ನುವುದಿಲ್ಲ. ಹೆಸರು ಹೇಳದೆ ಬಡಿಸಿದರೆ ಇನ್ನೆರಡು ಕೇಳುತ್ತಾರೆ.

ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಪೈಪಿನಲ್ಲಿ ಹೆಪ್ಪುಗಟ್ಟಿ, ಮೊದಲ ಮಹಡಿಯವರ ಬಚ್ಚಲು ಉಕ್ಕುತ್ತದೆ. ಬಾಣಲೆಯನ್ನು ಪೇಪರಿನಿಂದ ಒರೆಸಿ ಆಮೇಲೆ ತೊಳೆಯಿರಿ.

ಕರೆಂಟು

ಇಲ್ಲಿ ಹೇಳುವುದು ಕಮ್ಮಿ, ಯಾಕೆಂದರೆ ಬಿಲ್ಲೇ ಎಲ್ಲರಿಗೂ ಪಾಠ ಹೇಳುತ್ತದೆ. ನಮ್ಮ ಕರೆಂಟಿನ ದೊಡ್ಡ ಪಾಲು ಇವತ್ತಿಗೂ ಕಲ್ಲಿದ್ದಲಿನದೇ ಅನ್ನುವುದು ನೆನಪಿದ್ದರೆ ಸಾಕು.

ಮುಂಬಯಿಯಲ್ಲಿ ಫ್ಯಾನು ವರ್ಷಪೂರ್ತಿ ತಿರುಗುತ್ತದೆ. ಹಳೇ ಫ್ಯಾನು ಸುಮಾರು 75 ವ್ಯಾಟ್, ಕಮ್ಮಿ ಕರೆಂಟು ತಿನ್ನುವ ಮೋಟರಿನ ಹೊಸ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ದಿನಕ್ಕೆ 12 ಗಂಟೆ ಅಂದರೆ ತಿಂಗಳಿಗೆ ಒಂದು ಫ್ಯಾನಿನಿಂದ 16 ಯೂನಿಟ್ ಉಳಿಯುತ್ತದೆ. ಹಾಗಂತ ಚೆನ್ನಾಗಿರುವುದನ್ನು ಕಿತ್ತುಹಾಕಬೇಡಿ, ಕೆಟ್ಟಾಗ ಬದಲಿಸಿ. ಎಸಿಯನ್ನು 24ರ ಕೆಳಗಿಡಬೇಡಿ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6 ಕರೆಂಟು ಉಳಿಯುತ್ತದೆ ಅನ್ನುವುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 26ಕ್ಕೆ ಇಟ್ಟು ಫ್ಯಾನು ನಿಧಾನ ತಿರುಗಿಸಿದರೆ ನಮ್ಮ ಸೆಕೆಗೆ ಸಾಕು. ಫ್ರಿಜ್ಜಿನ ಬಾಗಿಲಿಗೆ ಹತ್ತು ರೂಪಾಯಿಯ ನೋಟು ಸಿಕ್ಕಿಸಿ ಮುಚ್ಚಿ. ಎಳೆದರೆ ಸಲೀಸಾಗಿ ಬಂದರೆ ರಬ್ಬರು ಸಡಿಲವಾಗಿದೆ. ಗೀಸರು ಬೆಳಿಗ್ಗೆ ಹಾಕಿ ಮಧ್ಯಾಹ್ನ ಆರಿಸುವ ಮನೆಗಳೂ ಇವೆ. ಅವರಿಗೆ ಏನು ಹೇಳಲಿ?

ಪೇಟೆಗೆ ಡಬ್ಬಿ ಒಯ್ಯಿರಿ

ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಚೀಲ, ಥರ್ಮೋಕೋಲ್ ತಟ್ಟೆಗೆ 2018ರ ಮಾರ್ಚ್ 23ರಂದು ನಿಷೇಧ ಬಂತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ಮೋರಿಗಳು ಪ್ಲಾಸ್ಟಿಕ್ಕಿನಿಂದ ಕಟ್ಟಿಕೊಂಡಿದ್ದನ್ನು ಕಂಡವರು ನಾವು. ಆದರೂ ತರಕಾರಿಯವರು ಕೇಳದೆಯೇ ತೆಳು ಚೀಲ ತೆಗೆಯುತ್ತಾರೆ. 'ಪಿಶ್ವಿ ನಕೊ' (ಚೀಲ ಬೇಡ) ಅಂತ ತೂಕಕ್ಕೆ ಮೊದಲೇ ಹೇಳಬೇಕು, ಹಾಕಿದ ಮೇಲೆ ಹೇಳಿದರೆ ಪ್ರಯೋಜನವಿಲ್ಲ.

ಮೀನಿಗೆ ಹೋಗುವಾಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಿರಿ. ಮೀನು ಮಾರುವ ಕೋಲಿ ಸಮುದಾಯದ ಮೌಶಿಯರು ಬಂಗುಡೆ ಕೊಯ್ದು ನೇರ ಡಬ್ಬಿಗೇ ಹಾಕುತ್ತಾರೆ. ಚೀಲ ಸೋರುವ ರಗಳೆ ಇಲ್ಲ, ಮೀನಿನ ಕಸವೂ ಮನೆಗೆ ಬರುವುದಿಲ್ಲ. ಜೂನ್-ಜುಲೈನಲ್ಲಿ ಮೀನುಗಾರಿಕೆಗೆ ರಜೆ, ಮೀನು ಮೊಟ್ಟೆಯಿಟ್ಟು ಮರಿ ಬೆಳೆಯುವ ಹೊತ್ತು. ಆಗ ಒಣಮೀನು ಚಟ್ನಿಯಲ್ಲಿ ಸುಧಾರಿಸಿ.

ಹಳೇ ಬಟ್ಟೆಗೆ ಮುಂಬಯಿಯಲ್ಲಿ ಇನ್ನೂ ಬಾಂಡೇವಾಲಿಯರು ಬರುತ್ತಾರೆ, ಸೀರೆಗೆ ಸ್ಟೀಲ್ ಪಾತ್ರೆ. ಚೌಕಾಸಿ ಜಾಸ್ತಿ ಮಾಡಬೇಡಿ. ಆ ಬಟ್ಟೆ ಹೊಲಿದು ಮತ್ತೆ ಬಜಾರಿಗೆ ಹೋಗುತ್ತದೆ, ತೀರ ಹರಿದದ್ದು ಕಾರ್ಖಾನೆಗಳಲ್ಲಿ ಒರೆಸುವ ಚಿಂದಿಯಾಗುತ್ತದೆ.

ಚೌತಿಗೆ ಶಾಡೂ ಅನ್ನುವ ಜೇಡಿಮಣ್ಣಿನ ಸಣ್ಣ ಗಣಪನನ್ನು ತಂದು ಮನೆಯಲ್ಲೇ ಬಕೆಟ್ಟಿನಲ್ಲಿ ಬಿಡಿ. ರಾತ್ರಿ ಕಳೆಯುವಷ್ಟರಲ್ಲಿ ಕರಗುತ್ತಾನೆ. ಆ ಜೇಡಿ ಒಂದನ್ನೇ ಕುಂಡಕ್ಕೆ ಹಾಕಿದರೆ ಗಟ್ಟಿಯಾಗುತ್ತದೆ, ಗೊಬ್ಬರ ಬೆರೆಸಿ ಹಾಕಿ. ಹೂವು, ಗರಿಕೆ ಗೊಬ್ಬರದ ಡಬ್ಬಕ್ಕೆ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನದು ತಂದರೆ ಬಕೆಟ್ಟಿನಲ್ಲಿ ವಾರಗಟ್ಟಲೆ ಹಾಗೇ ಕೂತಿರುತ್ತಾನೆ.

ಸಂಘದ ಸಮಾರಂಭಗಳಲ್ಲಿ ಊಟಕ್ಕೆ ಮಾಟುಂಗಾ ಮಾರ್ಕೆಟ್ಟಿನ ಬಾಳೆಲೆ ತರಿಸುವ ಪದ್ಧತಿ ನಮ್ಮವರಲ್ಲಿ ಇನ್ನೂ ಇದೆ. ಅದರ ಪಕ್ಕದಲ್ಲೇ ಎಲೆಗೊಂದು ಸಣ್ಣ ನೀರಿನ ಬಾಟಲಿ ಇಡುತ್ತಾರೆ. ಹೋದ ಸಲ ನಾವು ನಾಲ್ಕು ಹೆಂಗಸರು ಎರಡು ಕೊಡಪಾನ, ನೂರೈವತ್ತು ಸ್ಟೀಲ್ ಲೋಟ ಹೊಂದಿಸಿದೆವು. ಲೋಟ ತೊಳೆದದ್ದೂ ನಾವೇ. ಈ ಸಲ ತೊಳೆಯುವವರ ಪಟ್ಟಿಯಲ್ಲಿ ಗಂಡಸರ ಹೆಸರೂ ಬರೆದಿದ್ದೇವೆ.

ಈಗ ನಮ್ಮನೆಯ ಕಸ ದಿನಕ್ಕೆ ಮುನ್ನೂರು ಗ್ರಾಮಿನ ಆಸುಪಾಸು. ಮೊನ್ನೆ ಭಾನುವಾರ ಮತ್ತೆ ಪೇಪರ್ ಹಾಸಿ ಸುರಿದೆ. ಚಿಪ್ಸಿನ ಪ್ಯಾಕೆಟು ಆರು, ಕೊರಿಯರಿನ ಕವರು ಮೂರು, ಮಾತ್ರೆಯ ಹಾಳೆ, ಮೀನಿನ ಮುಳ್ಳು, ಮತ್ತೆ ಚಹಾ ಪುಡಿಯ ಒಂದು ಪ್ಯಾಕೆಟು. ಅದು ಈ ಸಲ ಒಣ ಗೋಣಿಯಲ್ಲಿತ್ತು.